ನಮ್ಮ ತಾಲ್ಲೂಕು ವರದಿಗಾರನಿಗೆ ದುಡ್ಡು ಕೊಡುವವರು ಯಾರು? (ಪೆರು ದೇಶದ ಲೆಕ್ಕ ಓದಿ ಹುಟ್ಟಿದ ಪ್ರಶ್ನೆ)

ಘಟಪ್ರಭಾ ದಂಡೆ (ಗೋಕಾಕ)

ಪೆರು ದೇಶದ ಒಂದು ಲೆಕ್ಕ ಓದಿದಾಗಿನಿಂದ ತಲೆಯಲ್ಲಿ ಅದೇ ಕೊರೆಯುತ್ತಿದೆ. ಇಲ್ಲಿ ಹಾಕುತ್ತೇನೆ, ನಿಮಗೇನು ಅನಿಸುತ್ತದೆ ಹೇಳಿ.

1990ರ ದಶಕದಲ್ಲಿ ಅಲ್ಲಿ ಆಲ್ಬರ್ಟೋ ಫುಜಿಮೋರಿ ಅಧ್ಯಕ್ಷ. 1992ರಲ್ಲಿ ಒಮ್ಮೆ ಸಂಸತ್ತನ್ನೇ ಮುಚ್ಚಿ ಸೈನ್ಯ ಇಳಿಸಿದ್ದರು. ಆಮೇಲೆ ಮತ್ತೆ ಚುನಾವಣೆ, ಕೋರ್ಟು, ವಿರೋಧ ಪಕ್ಷ, ಟಿವಿ ಎಲ್ಲಾ ಇದ್ದವು. ಹೊರಗಿನಿಂದ ನೋಡಿದರೆ ಪ್ರಜಾಪ್ರಭುತ್ವವೇ. ಒಳಗೆ ಗುಪ್ತಚರ ಇಲಾಖೆ ನಡೆಸುತ್ತಿದ್ದ ವ್ಲಾದಿಮಿರೋ ಮೊಂಟೆಸಿನೋಸ್ ಅನ್ನುವವನು ಎಲ್ಲರಿಗೂ ತಿಂಗಳಾ ದುಡ್ಡು ಹಂಚುತ್ತಿದ್ದ. ಜಡ್ಜ್‌ಗಳಿಗೆ, ಸಂಸದರಿಗೆ, ಟಿವಿ ಮಾಲೀಕರಿಗೆ. ಹಂಚಿದ್ದಕ್ಕೆ ಸಹಿ ತಗೊಳ್ಳುತ್ತಿದ್ದ, ವಿಡಿಯೋನೂ ಮಾಡಿಟ್ಟುಕೊಳ್ಳುತ್ತಿದ್ದ. ನಾಳೆ ಯಾರೂ ತಿರುಗಿ ಬೀಳಬಾರದಲ್ವಾ.

ಜಾನ್ ಮೆಕ್‌ಮಿಲನ್ ಮತ್ತು ಪಾಬ್ಲೋ ಜೊಯಿಡೊ ಅನ್ನುವ ಇಬ್ಬರು ಅರ್ಥಶಾಸ್ತ್ರಜ್ಞರು 2004ರಲ್ಲಿ ಆ ಚೀಟಿಗಳನ್ನು ಕೂಡಿಸಿ ರೇಟ್ ಎಷ್ಟೆಷ್ಟು ಅಂತ ತೋರಿಸಿದರು. ಜಡ್ಜ್‌ಗೂ ಸಂಸದನಿಗೂ ತಿಂಗಳಿಗೆ ಕೆಲವು ಸಾವಿರ ಡಾಲರ್. ದೊಡ್ಡ ಟಿವಿ ಚಾನೆಲ್ ಒಂದಕ್ಕೆ ತಿಂಗಳಿಗೆ 15 ಲಕ್ಷ ಡಾಲರ್‌ವರೆಗೆ. ಅಂದರೆ ಒಬ್ಬ ಸಂಸದನಿಗಿಂತ ಟಿವಿ ಮಾಲೀಕನಿಗೆ ಸುಮಾರು ನೂರು ಪಟ್ಟು. ಅಷ್ಟು ಲೆಕ್ಕಾಚಾರದ ಮನುಷ್ಯ ಸುಮ್ನೆ ಕೊಡುತ್ತಿರಲಿಲ್ಲ. ಜಡ್ಜ್ ಒಬ್ಬ ಕೈಕೊಟ್ಟರೆ ಇನ್ನೊಬ್ಬ ಇದ್ದಾನೆ. ಚಾನೆಲ್ ಒಂದು ಬಾಯಿಬಿಟ್ಟರೆ ಮನೆಮನೆಗೂ ಗೊತ್ತಾಗುತ್ತದೆ.

ಆಗಿದ್ದೂ ಹಾಗೆಯೇ. ದುಡ್ಡು ಮುಟ್ಟದೇ ಉಳಿದಿದ್ದು ಕೆನಾಲ್ ಎನ್ ಅನ್ನುವ ಸಣ್ಣ ಕೇಬಲ್ ಚಾನೆಲ್. ನೋಡುವವರು ಕಡಿಮೆ ಅಂತ ಅದನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ. 2000ದ ಸೆಪ್ಟೆಂಬರ್ 14ರಂದು ಮೊಂಟೆಸಿನೋಸ್ ಒಬ್ಬ ಸಂಸದನಿಗೆ ನೋಟಿನ ಕಟ್ಟು ಎಣಿಸಿಕೊಡುವ ವಿಡಿಯೋ ಅದರಲ್ಲಿ ಬಂತು. ನವೆಂಬರ್‌ನಲ್ಲಿ ಫುಜಿಮೋರಿ ಜಪಾನಿನಿಂದ ಫ್ಯಾಕ್ಸ್ ಮಾಡಿ ರಾಜೀನಾಮೆ ಕೊಟ್ಟರು.

ನನ್ನ ಪ್ರಶ್ನೆ ಸಣ್ಣದು. ರಾಜಧಾನಿಯ ಟಿವಿ ಬಗ್ಗೆ ಎಲ್ಲರೂ ಬೈಯುತ್ತೇವೆ. ನಮ್ಮ ಬೆಳಗಾವಿ, ಬಾಗಲಕೋಟೆ, ವಿಜಯಪುರದ ಒಳಪುಟದ ಸುದ್ದಿಗೆ ರೇಟ್ ಎಷ್ಟು? ಅದನ್ನು ಕೊಡುವವರು ಯಾರು?

ನಿಂಬೆ ಸೀಮೆ (ಇಂಡಿ)

ಅಣ್ಣಾರೇ, ಓದೋಕೆ ಚೆನ್ನಾಗಿದೆ. ಆದರೆ ಪೆರು ಎಲ್ಲಿ, ನಾವೆಲ್ಲಿ? 1985ರಲ್ಲಿ ರಾಮಕೃಷ್ಣ ಹೆಗಡೆ ಗೆದ್ದ ಮೇಲೆ ಕರ್ನಾಟಕದಲ್ಲಿ ಆಳುವ ಪಕ್ಷ ಮತ್ತೆ ಗೆದ್ದು ಬಂದಿದ್ದೇ ಇಲ್ಲ. ಪೇಪರ್, ಟಿವಿ ಎಲ್ಲಾ ಕೈಯಲ್ಲಿದ್ದರೆ ಗೆಲ್ಲಬೇಕಿತ್ತಲ್ಲ? ಜನ ಸುದ್ದಿ ನೋಡಿ ಓಟು ಹಾಕುತ್ತಾರೆ ಅನ್ನೋದೇ ಪಟ್ಟಣದವರ ಭ್ರಮೆ.

ಅಥಣಿ ಕಬ್ಬು

ಸರ್ಕಾರ ಬದಲಾಗಿದೆ, ಖರೆ. ಸಕ್ಕರೆ ಕಾರ್ಖಾನೆ ಮಾಲೀಕರು ಬದಲಾಗಿದ್ದಾರಾ?

ನಿಂಬೆ ಸೀಮೆ (ಇಂಡಿ)

ಅದು ಬೇರೆ ಮಾತು.

ಅಥಣಿ ಕಬ್ಬು

ಅದೇ ಮಾತು. ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ.

ನಮ್ಮ ಕಡೆ ಸುದ್ದಿ ಅಂದರೆ ಕಬ್ಬು. ಕಾಟಾದಲ್ಲಿ (ತೂಕದ ಯಂತ್ರದಲ್ಲಿ) ಎಷ್ಟು ತೂಗಿತು, ರಿಕವರಿ (ಕಬ್ಬಿನಿಂದ ಸಿಗುವ ಸಕ್ಕರೆಯ ಪ್ರಮಾಣ) ಎಷ್ಟು ತೋರಿಸಿದರು, ಬಿಲ್ ಯಾವಾಗ ಬಂತು. ಕಬ್ಬು ಕೊಟ್ಟ 14 ದಿನದಲ್ಲಿ ದುಡ್ಡು ಕೊಡಬೇಕು, ತಡವಾದರೆ ವರ್ಷಕ್ಕೆ ಶೇ. 15 ಬಡ್ಡಿ ಅಂತ 1966ರ ಕಬ್ಬು ನಿಯಂತ್ರಣ ಆದೇಶದಲ್ಲೇ ಇದೆ. ಈ ಬಡ್ಡಿ ವಿಷಯ ನಿಮ್ಮ ಪೇಪರಿನಲ್ಲಿ ಎಷ್ಟು ಸಲ ಓದಿದ್ದೀರಿ? ಬೆಳಗಾವಿ ಜಿಲ್ಲೆಯಲ್ಲಿ ಕಾರ್ಖಾನೆ ಇಟ್ಟವರಲ್ಲಿ ಎಲ್ಲಾ ಪಕ್ಷದವರೂ ಇದ್ದಾರೆ. ಅದಕ್ಕೇ ವಿರೋಧ ಪಕ್ಷದವರೂ ಬಡ್ಡಿ ಕೇಳುವುದಿಲ್ಲ.

ಒಂದು ಹಂಗಾಮಿನಲ್ಲಿ ನಮ್ಮೂರಿನ ನಾಲ್ಕಾರು ಜನ ಟ್ರ್ಯಾಕ್ಟರ್ ಟ್ರಾಲಿಗಳನ್ನು ಮೊದಲು ಹೊರಗಿನ ಖಾಸಗಿ ಕಾಟಾದಲ್ಲಿ ತೂಗಿಸಿ, ಆಮೇಲೆ ಕಾರ್ಖಾನೆ ಕಾಟಾಕ್ಕೆ ಒಯ್ದೆವು. ಎರಡೂ ಚೀಟಿ ಕೈಯಲ್ಲಿ. ವ್ಯತ್ಯಾಸ ಕಣ್ಣಿಗೆ ಹೊಡೆಯುವಷ್ಟಿತ್ತು. ವರದಿಗಾರ ಬಂದ, ಚೀಟಿಗಳ ಫೋಟೋ ತೆಗೆದ, ಚಹಾ ಕುಡಿದ, ಹೋದ. ಹುಡುಗ ಒಳ್ಳೆಯವನೇ. ಮರುದಿನ ಒಳಪುಟದ ಕೆಳಗೆ ಬಂತು. ‘ಕಾರ್ಖಾನೆಯೊಂದರಲ್ಲಿ ತೂಕದಲ್ಲಿ ವ್ಯತ್ಯಾಸ: ರೈತರ ಆರೋಪ’. ಕಾರ್ಖಾನೆ ಹೆಸರಿಲ್ಲ. ಊರ ಹೆಸರಿಲ್ಲ. ಚೀಟಿ ಫೋಟೋ ಬದಲು ಎಲ್ಲಿಯದೋ ಟ್ರ್ಯಾಕ್ಟರ್ ಇಂಜಿನ್ ಫೋಟೋ. ‘ಆಡಳಿತ ಮಂಡಳಿ ಇದನ್ನು ನಿರಾಕರಿಸಿದೆ’ ಅಂತ ಕೊನೆ ಸಾಲು. ಹೆಸರೇ ಇಲ್ಲದ ಕಾರ್ಖಾನೆಯ ಆಡಳಿತ ಮಂಡಳಿ ಹೇಗೆ ನಿರಾಕರಿಸಿತು, ದೇವರಿಗೇ ಗೊತ್ತು.

2025ರ ನವೆಂಬರ್‌ನಲ್ಲಿ ಮೂಡಲಗಿ ತಾಲ್ಲೂಕಿನ ಗುರ್ಲಾಪುರ ಕ್ರಾಸ್‌ನಲ್ಲಿ ರೈತರು ರಸ್ತೆಗೆ ಕೂತರಲ್ಲ, ಟನ್‌ಗೆ 3,500 ರೂಪಾಯಿ ಕೇಳಿ? ಕೊನೆಗೆ ಸರ್ಕಾರ 3,300ಕ್ಕೆ ಬಂತು. ನಮಗೆ ಅಲ್ಲಿಯ ವಿಡಿಯೋ ಬಂದಿದ್ದು ವಾಟ್ಸಾಪ್‌ನಲ್ಲಿ. ರಸ್ತೆಗೆ ಕೂತು ಲಾರಿ ನಿಂತ ಮೇಲೆ ಸುದ್ದಿ ಆಗುತ್ತೇವೆ, ಅದಕ್ಕೂ ಮುಂಚೆ ಆಗುವುದಿಲ್ಲ.

ಗುಮ್ಮಟದ ನೆರಳು (ವಿಜಯಪುರ)

ನಾನು ಪರೀಕ್ಷೆಗೆ ಓದುವವನು, ಸಂವಿಧಾನದ ಕಡೆಯಿಂದ ಸ್ವಲ್ಪ.

ನಮ್ಮ ಸುಪ್ರೀಂ ಕೋರ್ಟ್ ಪತ್ರಿಕೆಗಳನ್ನು ಸರ್ಕಾರದಿಂದ ಚೆನ್ನಾಗಿಯೇ ಕಾಪಾಡಿದೆ. ಇಷ್ಟು ಬೆಲೆಗೆ ಇಷ್ಟೇ ಪುಟ ಅಂತ ಸರ್ಕಾರ ಕಟ್ಟು ಹಾಕಿದಾಗ, ಪುಣೆಯ ಸಕಾಳ ಪತ್ರಿಕೆ ಕೋರ್ಟಿಗೆ ಹೋಗಿ 1961ರಲ್ಲಿ ಗೆದ್ದಿತು. ನ್ಯೂಸ್‌ಪ್ರಿಂಟ್ (ಪತ್ರಿಕೆ ಅಚ್ಚು ಹಾಕುವ ಕಾಗದ) ನೆಪದಲ್ಲಿ ಪುಟಕ್ಕೆ ಮಿತಿ ಹಾಕಿದ್ದನ್ನು 1972ರಲ್ಲಿ ಬೆನೆಟ್ ಕೋಲ್‌ಮನ್ ಕೇಸಿನಲ್ಲಿ ಕೋರ್ಟ್ ತೆಗೆದುಹಾಕಿತು. ಎರಡರಲ್ಲೂ ಆಧಾರ 19(1)(ಎ), ಅಂದರೆ ವಾಕ್ ಸ್ವಾತಂತ್ರ್ಯದ ಹಕ್ಕು.

ಆದರೆ ಇವೆಲ್ಲಾ ಆದೇಶ, ನಿಯಮ ಇದ್ದ ಕೇಸುಗಳು. ಆದೇಶ ಇದ್ದರೆ ಪ್ರಶ್ನೆ ಮಾಡಬಹುದು. ಜಾಹೀರಾತು ಸುಮ್ನೆ ನಿಂತುಹೋದರೆ ಯಾವ ಕಾಗದ ಹಿಡಿದು ಕೋರ್ಟಿಗೆ ಹೋಗುವುದು? 2019ರ ಫೆಬ್ರವರಿಯಲ್ಲಿ ಗ್ರೇಟರ್ ಕಾಶ್ಮೀರ್ ಮತ್ತು ಕಾಶ್ಮೀರ್ ರೀಡರ್ ಪತ್ರಿಕೆಗಳಿಗೆ ಸರ್ಕಾರಿ ಜಾಹೀರಾತು ನಿಂತಿತು. ಕಾರಣ ಹೇಳಲಿಲ್ಲ. ಮಾರ್ಚ್ 10ರಂದು ಅಲ್ಲಿಯ ಪತ್ರಿಕೆಗಳು ಮುಖಪುಟ ಖಾಲಿ ಬಿಟ್ಟು ಪ್ರತಿಭಟನೆ ಮಾಡಿದವು. ಖಾಸಗಿ ಉದ್ಯಮ ಅಷ್ಟಾಗಿ ಇಲ್ಲದ ಕಡೆ ಸರ್ಕಾರವೇ ದೊಡ್ಡ ಗಿರಾಕಿ. ಗಿರಾಕಿ ಬರದಿದ್ದರೆ ಅಂಗಡಿ ಮುಚ್ಚುತ್ತದೆ, ಯಾರೂ ಬಂದು ಬಾಗಿಲು ಎಳೆಯಬೇಕಿಲ್ಲ.

ಇಂಡಿ ಅಣ್ಣಾರಿಗೆ: ಪೆರು ಎಲ್ಲಿ, ನಾವೆಲ್ಲಿ ಅಂದಿರಿ. ದುರ್ಬಲ ಪ್ರಜಾಪ್ರಭುತ್ವ ಅಂದರೆ ಬಡ ದೇಶ ಅಂತಲ್ಲ. ಹಂಗೇರಿ ಯುರೋಪಿಯನ್ ಒಕ್ಕೂಟದ ಸದಸ್ಯ. ಅಲ್ಲಿ ನಡೆದದ್ದು ಇನ್ನೂ ನಾಜೂಕು. ಬೇಕಿದ್ದರೆ ಬರೆಯುತ್ತೇನೆ.

ಘಟಪ್ರಭಾ ದಂಡೆ (ಗೋಕಾಕ)

ಬರೀರಿ ತಮ್ಮಾ, ಅದು ಬೇಕು.

ಗುಮ್ಮಟದ ನೆರಳು (ವಿಜಯಪುರ)

2010ರಲ್ಲಿ ವಿಕ್ಟರ್ ಓರ್ಬಾನ್ ಮತ್ತೆ ಹಂಗೇರಿಯ ಪ್ರಧಾನಿಯಾಗಿ ಅಧಿಕಾರಕ್ಕೆ ಬಂದರು. ಪತ್ರಕರ್ತರನ್ನು ಸಾಲಾಗಿ ಜೈಲಿಗೆ ಕಳಿಸಲಿಲ್ಲ. 2016ರ ಅಕ್ಟೋಬರ್ 8, ಶನಿವಾರ. ದೇಶದ ಮುಖ್ಯ ವಿರೋಧಿ ದನಿಯ ಪತ್ರಿಕೆ ನೆಪ್‌ಸಬಾಡ್‌ಶಾಗ್ ದಿಢೀರ್ ನಿಂತಿತು. ನಷ್ಟ ಅಂತ ಮಾಲೀಕರು ಹೇಳಿದರು. ಅದೇ ತಿಂಗಳು ಆ ಪ್ರಕಾಶನ ಸಂಸ್ಥೆ ಮಾರಾಟವಾಗಿ, ಲೋರಿಂಟ್ಸ್ ಮೆಸಾರೋಶ್ ಅವರ ನಂಟಿನ ಕಂಪನಿಗೆ ಸೇರಿತು. ಯಾರು ಈ ಮೆಸಾರೋಶ್? ಓರ್ಬಾನ್ ಅವರ ಹಳ್ಳಿ ಫೆಲ್ಚುಟ್‌ನ ಆಗಿನ ಮೇಯರ್. ಮೊದಲು ಗ್ಯಾಸ್ ಪೈಪ್ ಜೋಡಿಸುವ ಕೆಲಸದಲ್ಲಿದ್ದವರು, ಆಮೇಲೆ ದೇಶದ ದೊಡ್ಡ ಶ್ರೀಮಂತ.

ಇಲ್ಲಿ ಮುಖ್ಯ ವಿಷಯ ಏನೆಂದರೆ, ಆ ಸಂಸ್ಥೆಯ ಜೊತೆ ಜಿಲ್ಲಾ ಪತ್ರಿಕೆಗಳೂ ಬಂದವು. 2017ರ ಹೊತ್ತಿಗೆ ಹಂಗೇರಿಯ ಜಿಲ್ಲಾ ದೈನಿಕಗಳೆಲ್ಲಾ ಸರ್ಕಾರದ ಆಪ್ತರ ಕೈಯಲ್ಲಿದ್ದವು. ಬುಡಾಪೆಸ್ಟ್‌ನಲ್ಲಿ ಇರುವವರು ವೆಬ್‌ಸೈಟ್ ಓದುತ್ತಾರೆ. ಹಳ್ಳಿಯ ಅಜ್ಜ ಓದುವುದು ಜಿಲ್ಲಾ ಪತ್ರಿಕೆ, ಅದರಲ್ಲೂ ಮೊದಲು ನಿಧನ ವಾರ್ತೆ.

2018ರ ನವೆಂಬರ್ 28ರಂದು ಇನ್ನೂ ವಿಚಿತ್ರ. ಆಪ್ತ ಮಾಲೀಕರು ತಮ್ಮ ನೂರಾರು ಪತ್ರಿಕೆ, ರೇಡಿಯೋ, ವೆಬ್‌ಸೈಟ್‌ಗಳನ್ನು ಕೆಸ್ಮಾ ಅನ್ನುವ ಒಂದೇ ಪ್ರತಿಷ್ಠಾನಕ್ಕೆ ಪುಕ್ಕಟೆ ದಾನ ಕೊಟ್ಟರು. ಒಟ್ಟು 400ಕ್ಕೂ ಜಾಸ್ತಿ. ಏಕಸ್ವಾಮ್ಯ ಆಗುತ್ತದಲ್ಲಾ ಅಂತ ಯಾರೂ ತನಿಖೆ ಮಾಡದ ಹಾಗೆ ಸರ್ಕಾರ ಅದನ್ನು ‘ರಾಷ್ಟ್ರೀಯ ಮಹತ್ವದ್ದು’ ಅಂತ ಘೋಷಿಸಿತು.

ಪೋಲೆಂಡ್‌ನಲ್ಲಿ 2020ರ ಡಿಸೆಂಬರ್‌ನಲ್ಲಿ ಸರ್ಕಾರದ ಹಿಡಿತದಲ್ಲಿದ್ದ ತೈಲ ಕಂಪನಿ ಓರ್ಲೆನ್, ಪೋಲ್ಸ್ಕಾ ಪ್ರೆಸ್ ಅನ್ನುವ ಸಂಸ್ಥೆಯನ್ನು ಕೊಳ್ಳುತ್ತೇನೆಂದು ಹೊರಟಿತು. 20 ಪ್ರಾದೇಶಿಕ ದೈನಿಕ, ನೂರಕ್ಕೂ ಮೇಲೆ ವಾರಪತ್ರಿಕೆ. ಪೆಟ್ರೋಲ್ ಬಂಕ್ ಕಂಪನಿಗೆ ತಾಲ್ಲೂಕು ವಾರಪತ್ರಿಕೆ ಯಾಕೆ ಬೇಕಿತ್ತು? ಹಾಗಾಗಿ ಗೋಕಾಕದ ಅಣ್ಣಾರು ಕೇಳಿದ ಒಳಪುಟದ ಪ್ರಶ್ನೆ ಸಣ್ಣದಲ್ಲ.

ಹಳೇ ವರದಿಗಾರ (ಬಾಗಲಕೋಟೆ)

ಈ ಚರ್ಚೆ ಓದುತ್ತಾ ಸುಮ್ಮನಿದ್ದೆ. ಈಗ ಬರೆಯುತ್ತೇನೆ. ಹೆಸರು ಕೇಳಬೇಡಿ, ಪತ್ರಿಕೆ ಹೆಸರೂ ಕೇಳಬೇಡಿ.

ತಾಲ್ಲೂಕು ವರದಿಗಾರ ಅಂದರೆ ಏನು ಅಂತ ಹೊರಗಿನವರಿಗೆ ಗೊತ್ತಿಲ್ಲ. ನೌಕರಿ ಅಂತ ಆದೇಶ ಪತ್ರ ಇರುವುದಿಲ್ಲ, ಪಿಎಫ್ ಇರುವುದಿಲ್ಲ. ಗೌರವಧನ ಅಂತ ಒಂದಿಷ್ಟು ಬರುತ್ತದೆ, ಕೆಲವು ಕಡೆ ಅದೂ ಇಲ್ಲ. ಬೈಕ್ ನಿಮ್ಮದು, ಪೆಟ್ರೋಲ್ ನಿಮ್ಮದು, ಮೊಬೈಲ್ ನಿಮ್ಮದು. ಬದುಕುವುದು ಜಾಹೀರಾತಿನ ಕಮಿಷನ್ ಮೇಲೆ. ಅದಕ್ಕೇ ವರದಿಗಾರರಲ್ಲಿ ಅರ್ಧ ಜನಕ್ಕೆ ಒಂದು ಝೆರಾಕ್ಸ್ ಅಂಗಡಿಯೋ, ಎಲ್‌ಐಸಿ ಏಜೆನ್ಸಿಯೋ ಇರುತ್ತದೆ.

ಯುಗಾದಿ, ಆಗಸ್ಟ್ 15, ದೀಪಾವಳಿ, ರಾಜ್ಯೋತ್ಸವ, ಜನವರಿ 26. ಪ್ರತಿಯೊಂದಕ್ಕೂ ಪುರವಣಿ. ಪುರವಣಿಗೆ ಟಾರ್ಗೆಟ್. ಇದರ ನಡುವೆ ಸಾಹೇಬರ ಹುಟ್ಟುಹಬ್ಬ, ಅದಂತೂ ದೊಡ್ಡ ಹಬ್ಬ. ‘ಅಭಿವೃದ್ಧಿಯ ಹರಿಕಾರ’, ‘ಬಡವರ ಬಂಧು’ ಅಂತ ಶೀರ್ಷಿಕೆ ಬರೆದದ್ದು ನಾನೇ, ಬೇರೆ ಬೇರೆ ಪಕ್ಷದವರಿಗೆ. ಸಾಲದೇ ಹೋದಾಗ ಒಂದೇ ಶೀರ್ಷಿಕೆ ಇಬ್ಬರಿಗೂ ಹಾಕಿದ್ದೇವೆ. ಯಾರೂ ಗಮನಿಸಲಿಲ್ಲ.

ಈಗ ಅಸಲಿ ವಿಷಯ. ಜಾಹೀರಾತು ಕೊಟ್ಟ ನಾಯಕ ಕೂಡಲೇ ದುಡ್ಡು ಕೊಡುವುದಿಲ್ಲ. ‘ಹಾಕ್ರಿ, ಆಮೇಲೆ ನೋಡೋಣ’ ಅನ್ನುತ್ತಾರೆ. ಪತ್ರಿಕೆಯ ಕಚೇರಿಯವರು ಬಿಲ್ ಹಾಕುವುದು ವರದಿಗಾರನ ಖಾತೆಗೆ. ವಸೂಲಿ ನಿಮ್ಮ ಜವಾಬ್ದಾರಿ. ಬರದಿದ್ದರೆ ನಿಮ್ಮ ಕಮಿಷನ್ ಹಿಡಿಯುತ್ತಾರೆ, ಗೌರವಧನ ಹಿಡಿಯುತ್ತಾರೆ. ಕೈಯಿಂದ ಕಟ್ಟಿದವರನ್ನು, ಹೆಂಡತಿಯ ಬಂಗಾರ ಇಟ್ಟವರನ್ನು ನಾನು ನೋಡಿದ್ದೇನೆ.

ಹಾಗಿರುವಾಗ ಆ ನಾಯಕನ ಟೆಂಡರ್ ಬಗ್ಗೆ ಬರೆಯುತ್ತೀರಾ? ಬರೆದ ದಿನವೇ ನಿಮ್ಮ ಬಾಕಿ ಮುಳುಗಿತು. ಎಲ್ಲರೂ ಕವರ್, ಲಂಚ ಅಂತ ಮಾತಾಡುತ್ತಾರೆ. ನಮ್ಮ ಕಡೆ ಕೊಟ್ಟ ದುಡ್ಡಿಗಿಂತ ಕೊಡದೇ ಇಟ್ಟುಕೊಂಡ ದುಡ್ಡು ಜಾಸ್ತಿ ಕೆಲಸ ಮಾಡುತ್ತದೆ. ಮೊಂಟೆಸಿನೋಸ್‌ಗೆ ಇದು ಗೊತ್ತಿದ್ದರೆ ಅಷ್ಟು ಡಾಲರ್ ಉಳಿಯುತ್ತಿತ್ತು.

ಬಾಕಿ ವಸೂಲಿಗೆ ಅಂತ ಅವರ ಮನೆ ಕಟ್ಟೆಯ ಮೇಲೆ ಬೆಳಿಗ್ಗೆ ಹೋಗಿ ಕೂರಬೇಕು. ಅರ್ಜಿ ಹಿಡಿದು ಬಂದ ಜನರ ಸಾಲಿನಲ್ಲೇ ಪತ್ರಕರ್ತನೂ ಕೂತಿರುತ್ತಾನೆ. ಪಿಎ ಬಂದು ‘ಇವತ್ತು ಸಾಹೇಬರು ಬೆಂಗಳೂರಿಗೆ ಹೋದರು’ ಅನ್ನುತ್ತಾನೆ. ಹಿಂದಿನ ಬಾಗಿಲಿನಿಂದ ಕಾರ್ ಹೋದದ್ದು ನಿಮಗೂ ಕೇಳಿಸಿರುತ್ತದೆ. ಮಧ್ಯಾಹ್ನ ಅದೇ ಸಾಹೇಬರ ಪ್ರೆಸ್ ಮೀಟ್‌ಗೆ ಹೋಗಿ ಮೊದಲನೇ ಸಾಲಿನಲ್ಲಿ ಕೂತು ಪ್ರಶ್ನೆ ಕೇಳಬೇಕು. ಯಾವ ಪ್ರಶ್ನೆ ಕೇಳುತ್ತೀರಿ ಹೇಳಿ.

ಚುನಾವಣೆ ಬಂದರೆ ಪ್ಯಾಕೇಜ್, ಅಂದರೆ ದುಡ್ಡು ಕೊಟ್ಟು ಹಾಕಿಸುವ ಸುದ್ದಿ. ಅದನ್ನು ವರದಿಗಾರನ ತಲೆಯ ಮೇಲಿಂದಲೇ ಮಾತಾಡಿಕೊಳ್ಳುತ್ತಾರೆ. ಅಭ್ಯರ್ಥಿ ಎ ಅವರ ‘ಭರ್ಜರಿ ಪ್ರಚಾರ’, ಪಕ್ಕದಲ್ಲೇ ಅಭ್ಯರ್ಥಿ ಬಿ ಅವರಿಗೆ ‘ಅಭೂತಪೂರ್ವ ಬೆಂಬಲ’. ಪ್ರೆಸ್ ಕೌನ್ಸಿಲ್‌ನ ಉಪಸಮಿತಿ 2010ರಲ್ಲೇ ಇದರ ಬಗ್ಗೆ ದೊಡ್ಡ ವರದಿ ಕೊಟ್ಟಿತ್ತು. ಆ ಕೌನ್ಸಿಲ್‌ಗೆ ಇರುವ ಅಧಿಕಾರ ಛೀಮಾರಿ ಹಾಕುವುದು ಅಷ್ಟೇ. ದಂಡ ಹಾಕುವ ಅಧಿಕಾರವೂ ಇಲ್ಲ.

ಟಿಳಕವಾಡಿ ಟೀಚರ್ (ಬೆಳಗಾವಿ)

ಕಾಕಾ, ನಿಮ್ಮ ಬರಹ ಓದಿ ಸ್ವಲ್ಪ ಹೊತ್ತು ಏನೂ ಬರೆಯಲು ಆಗಲಿಲ್ಲ. ಬಾಕಿ ಬಿಲ್ ವಿಷಯ ಯಾವ ಪುಸ್ತಕದಲ್ಲೂ ಓದಿರಲಿಲ್ಲ.

ಸಾಲದ ಹಗ್ಗ ದೊಡ್ಡವರ ಕುತ್ತಿಗೆಗೂ ಇರುತ್ತದೆ ನೋಡಿ. ಟರ್ಕಿಯಲ್ಲಿ ಡೋಗನ್ ಅನ್ನುವ ದೊಡ್ಡ ಮಾಧ್ಯಮ ಸಂಸ್ಥೆಗೆ 2009ರಲ್ಲಿ 250 ಕೋಟಿ ಡಾಲರ್‌ನಷ್ಟು ತೆರಿಗೆ ದಂಡ ಬಿತ್ತು. 2013ರಲ್ಲಿ ಇಸ್ತಾಂಬುಲ್‌ನ ಗೆಜಿ ಪಾರ್ಕ್‌ನಲ್ಲಿ ಪೊಲೀಸರು ಜನರ ಮೇಲೆ ಅಶ್ರುವಾಯು ಬಿಡುತ್ತಿದ್ದಾಗ, ಅದೇ ಗುಂಪಿನ ಸುದ್ದಿ ಚಾನೆಲ್ ಪೆಂಗ್ವಿನ್‌ಗಳ ಸಾಕ್ಷ್ಯಚಿತ್ರ ತೋರಿಸುತ್ತಿತ್ತು. 2018ರಲ್ಲಿ ಇಡೀ ಗುಂಪು ಸರ್ಕಾರಕ್ಕೆ ಹತ್ತಿರದ ಡೆಮಿರೋರೆನ್ ಮನೆತನಕ್ಕೆ ಮಾರಾಟವಾಯಿತು. ಕೊಳ್ಳಲು ಸಾಲ ಕೊಟ್ಟದ್ದು ಸರ್ಕಾರಿ ಬ್ಯಾಂಕ್, ಜಿರಾತ್ ಅಂತ. ಅದು ಮೂಲತಃ ರೈತರಿಗೆ ಸಾಲ ಕೊಡಲು ಹುಟ್ಟಿದ ಬ್ಯಾಂಕ್!

ನಾವೇನು ಕಡಿಮೆ ಅಂತಲ್ಲ. ಸನ್ ಟಿವಿ, ಜಯಾ ಟಿವಿ ಯಾವ ರಾಜಕಾರಣಿಗಳ ಕಡೆಯವರದು ಅಂತ ತಮಿಳುನಾಡಿನ ಮಗುವಿಗೂ ಗೊತ್ತು. ನಮ್ಮಲ್ಲೂ ಕಸ್ತೂರಿ ಟಿವಿ ಕುಮಾರಸ್ವಾಮಿ ಅವರ ಕುಟುಂಬದ್ದು. ಮಾಲೀಕ ಯಾರು ಅಂತ ಗೊತ್ತಿದ್ದರೆ ಅರ್ಧ ಚಿಂತೆ ಇಲ್ಲ, ಅದಕ್ಕೆ ತಕ್ಕ ಹಾಗೆ ಕೇಳಿಸಿಕೊಳ್ಳುತ್ತೇವೆ. ಗೊತ್ತಿಲ್ಲದಿದ್ದಾಗ ತೊಂದರೆ.

ತುರ್ತು ಪರಿಸ್ಥಿತಿಯ ಮಾತೂ ಬರಲಿ. 1975ರ ಜೂನ್ 25ರ ರಾತ್ರಿ ದೆಹಲಿಯಲ್ಲಿ ಪತ್ರಿಕಾ ಕಚೇರಿಗಳಿದ್ದ ಬೀದಿಯ ಕರೆಂಟ್ ತೆಗೆದರು. ಇಂಡಿಯನ್ ಎಕ್ಸ್‌ಪ್ರೆಸ್ ಜೂನ್ 28ರಂದು ಸಂಪಾದಕೀಯದ ಜಾಗ ಖಾಲಿ ಬಿಟ್ಟಿತು. 1976ರಲ್ಲಿ ನಾಲ್ಕು ಸುದ್ದಿ ಸಂಸ್ಥೆಗಳನ್ನು ಸೇರಿಸಿ ‘ಸಮಾಚಾರ್’ ಅಂತ ಒಂದೇ ಮಾಡಿದರು. ಆಗ ಎಲ್ಲಾ ಕಣ್ಣಿಗೆ ಕಾಣುತ್ತಿತ್ತು. ಸೆನ್ಸಾರ್ ಅಧಿಕಾರಿ ಇದ್ದ, ಆದೇಶ ಇತ್ತು, ಹಾಗಾಗಿ ಖಾಲಿ ಜಾಗ ಬಿಟ್ಟರೆ ಓದುಗನಿಗೆ ಅರ್ಥವಾಗುತ್ತಿತ್ತು. ಕಾಕಾ ಹೇಳಿದ ಬಾಕಿ ಬಿಲ್‌ಗೆ ಖಾಲಿ ಜಾಗ ಬಿಡುವುದು ಹೇಗೆ?

ಕೇಬಲ್ ಅಣ್ಣ (ಜಮಖಂಡಿ)

ನಮ್ಮ ಕಡೆಯದ್ದೂ ಕೇಳಿ. ಚಾನೆಲ್ ಮುಚ್ಚಲು ಚಾನೆಲ್ ಕಚೇರಿಗೆ ಹೋಗಬೇಕಿಲ್ಲ. ಮೇಲೆ ಎಂಎಸ್‌ಒ (ನಮ್ಮಂಥ ಆಪರೇಟರ್‌ಗಳಿಗೆ ಸಿಗ್ನಲ್ ಕೊಡುವ ದೊಡ್ಡ ಆಪರೇಟರ್) ಇರುತ್ತಾನೆ, ಸಿಗ್ನಲ್ ಅವನ ಕೈಯಲ್ಲಿ. ತೆಲಂಗಾಣ ಹುಟ್ಟಿದ ಹೊಸತರಲ್ಲಿ, 2014ರ ಜೂನ್‌ನಲ್ಲಿ, ಟಿವಿ9 ತೆಲುಗು ಮತ್ತು ಎಬಿಎನ್ ಆಂಧ್ರಜ್ಯೋತಿ ಅಲ್ಲಿಯ ಕೇಬಲ್‌ನಿಂದ ಮಾಯವಾದವು. ಅಲ್ಲಿಯ ಶಾಸಕರ ಬಗ್ಗೆ ಅಪಹಾಸ್ಯ ಮಾಡಿದರು ಅಂತ ಸಿಟ್ಟು. ಸರ್ಕಾರ ಕೇಳಿದರೆ ‘ನಾವಲ್ಲ, ಕೇಬಲ್‌ನವರು’ ಅಂದಿತು.

ನನ್ನಂಥ ಸಣ್ಣ ಆಪರೇಟರ್ ನೋಂದಣಿ ಮಾಡಿಸುವುದು 1995ರ ಕೇಬಲ್ ಕಾಯ್ದೆಯಲ್ಲಿ. ಅದರ ಪ್ರಕಾರ ಡಿಸಿ, ಎಸಿ ನಮ್ಮ ಯಂತ್ರ ಜಪ್ತಿ ಮಾಡಬಹುದು. ಕಂಬದ ಮೇಲೆ ವೈರ್ ಎಳೆಯಲು ವಿದ್ಯುತ್ ಕಂಪನಿ, ಪುರಸಭೆ ಎಲ್ಲರೂ ಬೇಕು. ಯಾರೋ ಫೋನ್ ಮಾಡಿ ‘ಆ ಕಾರ್ಯಕ್ರಮ ಬರುವಾಗ ಕರೆಂಟ್ ಇರಲ್ಲ ಅಲ್ವಾ’ ಅಂತ ನಗುತ್ತಾ ಕೇಳುತ್ತಾರೆ. ಅಷ್ಟು ಸಾಕು. ಕಾಗದದಲ್ಲಿ ಏನೂ ಇರುವುದಿಲ್ಲ.

ಈಗ ಎಲ್ಲರ ಕೈಯಲ್ಲೂ ಮೊಬೈಲ್ ಬಂದಿದೆ. ನಮಗೆ ಫೋನ್ ಬರುವುದೂ ಕಡಿಮೆ ಆಗಿದೆ. ಗಿರಾಕಿಯೂ ಕಡಿಮೆ, ಅದು ಬೇರೆ ದುಃಖ.

ನಿಂಬೆ ಸೀಮೆ (ಇಂಡಿ)

ಅದೇ ನಾನು ಹೇಳಬೇಕೆಂದಿದ್ದು. ಈಗ ಯೂಟ್ಯೂಬ್ ಇದೆ. ಯಾರ ಹಂಗೂ ಇಲ್ಲ. ಗುರ್ಲಾಪುರದ ವಿಡಿಯೋ ಬಂದಿದ್ದೂ ಮೊಬೈಲ್‌ನಲ್ಲೇ ಅಂತ ಅಥಣಿಯವರೇ ಹೇಳಿದರು. ಹಳೇ ಪೇಪರ್ ಸತ್ತರೆ ಸಾಯಲಿ ಬಿಡಿ.

ಪಂಚಾಯ್ತಿ ಕಟ್ಟೆ (ಸಿಂದಗಿ)

ನಾನು ಪಿಡಿಒ (ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ). ಯೂಟ್ಯೂಬ್ ಸ್ವಾತಂತ್ರ್ಯ ಹೇಗಿರುತ್ತದೆ ಅಂತ ನನ್ನ ಟೇಬಲ್ ಮುಂದೆ ಕೂತು ನೋಡಿ. ಲೋಗೋ ಹಚ್ಚಿದ ಮೈಕ್ ಹಿಡಿದು ಇಬ್ಬರು ಬರುತ್ತಾರೆ. ನರೇಗಾ ಕಾಮಗಾರಿಯ ಒಂದು ಫೋಟೋ ತೋರಿಸುತ್ತಾರೆ. ಕೂಲಿಯವರು ಅಗೆಯಬೇಕಾದ ಚರಂಡಿಯಲ್ಲಿ ಜೆಸಿಬಿ ನಿಂತದ್ದು. ‘ಸುದ್ದಿ ಮಾಡಬೇಕಾ, ಜಾಹೀರಾತು ಕೊಡುತ್ತೀರಾ ಸರ್?’ ಅನ್ನುತ್ತಾರೆ. ಜೆಸಿಬಿ ನಿಂತದ್ದು ಖರೆ ಇರಬಹುದು. ಜಾಹೀರಾತು ಕೊಟ್ಟರೆ ಆ ಖರೆ ಸುದ್ದಿಯೂ ಸಾಯುತ್ತದೆ, ಊರವರಿಗೆ ಗೊತ್ತೇ ಆಗುವುದಿಲ್ಲ. ಕೊಡದಿದ್ದರೆ ನಾನೊಬ್ಬನೇ ಕಳ್ಳ ಅಂತ ವಿಡಿಯೋ, ಗುತ್ತಿಗೆದಾರನ ಹೆಸರು ಬರುವುದಿಲ್ಲ.

ಎಲ್ಲರೂ ಹಾಗೆ ಅಂತಲ್ಲ. ಪ್ರಾಮಾಣಿಕವಾಗಿ ಮಾಡುವ ಹುಡುಗರೂ ಇದ್ದಾರೆ. ಅವರ ಪಾಡು ಇನ್ನೂ ಕಷ್ಟ. ಹಿಂದೆ ಸಂಪಾದಕ, ವಕೀಲ, ಸಂಸ್ಥೆ ಯಾರೂ ಇಲ್ಲ.

ಟಿಳಕವಾಡಿ ಟೀಚರ್ (ಬೆಳಗಾವಿ)

ಹೌದ್ರೀ. ಬಿಜಾಪುರದ ಮುಕೇಶ್ ಚಂದ್ರಾಕರ್ ನೆನಪಾದರು. ನಮ್ಮ ವಿಜಯಪುರ ಅಲ್ಲ, ಛತ್ತೀಸ್‌ಗಢದ ಬಿಜಾಪುರ. ‘ಬಸ್ತರ್ ಜಂಕ್ಷನ್’ ಅನ್ನುವ ಯೂಟ್ಯೂಬ್ ಚಾನೆಲ್ ನಡೆಸುತ್ತಿದ್ದರು. ಅಲ್ಲಿಯ ರಸ್ತೆ ಕಾಮಗಾರಿಯ ಅವ್ಯವಹಾರದ ಸುದ್ದಿ ಬಂದ ಮೇಲೆ ಕಾಣೆಯಾದರು. 2025ರ ಜನವರಿ 3ರಂದು ಗುತ್ತಿಗೆದಾರನ ಜಾಗದ ಸೆಪ್ಟಿಕ್ ಟ್ಯಾಂಕ್‌ನಲ್ಲಿ ಅವರ ಶವ ಸಿಕ್ಕಿತು. ಹೊಸದಾಗಿ ಸಿಮೆಂಟ್ ಹಾಕಿ ಮುಚ್ಚಿದ್ದರು. ದೆಹಲಿಯ ಟಿವಿಯಲ್ಲಿ ಕಿರುಚುವವರಿಗೆ ಹೀಗೆ ಆಗುವುದಿಲ್ಲ. ಒಂದು ರಸ್ತೆ, ಒಂದು ಗುತ್ತಿಗೆ, ಒಂದು ಬಿಲ್ ಅಂತ ಹೆಸರು ಹಿಡಿದು ಹೇಳುವವರಿಗೆ ಆಗುತ್ತದೆ.

ನಿಂಬೆ ಸೀಮೆ (ಇಂಡಿ)

ಆ ಕೇಸ್ ನನಗೆ ಗೊತ್ತು. ಅದು ಅಧಿಕಾರಕ್ಕಿಂತ ಗುತ್ತಿಗೆದಾರರ ಗೂಂಡಾಗಿರಿ. ಆದರೂ ನೀವೆಲ್ಲಾ ಒಂದು ಕಡೆ ವಾಲುತ್ತಿದ್ದೀರಿ. ಪತ್ರಕರ್ತರೂ ಅಧಿಕಾರವೇ. ಶಾಸಕರ ಜೊತೆ ಊಟ ಮಾಡುತ್ತಾರೆ, ವರ್ಗಾವಣೆ ಮಾಡಿಸಿಕೊಡುತ್ತಾರೆ. ಇಬ್ಬರೂ ಸೇರಿ ನಮ್ಮನ್ನು ಆಳುತ್ತಾರೆ ಅನ್ನಿ.

ಹಳೇ ವರದಿಗಾರ (ಬಾಗಲಕೋಟೆ)

ಇಂಡಿಯವರೇ, ಈ ಮಾತಿಗೆ ನನ್ನದು ಪೂರ್ತಿ ಒಪ್ಪಿಗೆ. ವರ್ಗಾವಣೆ ಮಾಡಿಸುವವರನ್ನು ನಾನೂ ಬಲ್ಲೆ. ಸೈಟ್ ಪಡೆದವರನ್ನೂ ಬಲ್ಲೆ.

ಆದರೆ ಶಾಸಕರಿಗೆ ನಿಜವಾಗಿ ಸಿಟ್ಟು ಬಂದರೆ ಏನು ಮಾಡಬಹುದು ಅಂತಲೂ ನೋಡಿದ್ದೇವಲ್ಲ. 2017ರ ಜೂನ್‌ನಲ್ಲಿ ನಮ್ಮ ವಿಧಾನಸಭೆಯೇ ಇಬ್ಬರು ಪತ್ರಿಕಾ ಸಂಪಾದಕರಿಗೆ ಒಂದು ವರ್ಷ ಜೈಲು, 10,000 ರೂಪಾಯಿ ದಂಡ ಅಂತ ಹೇಳಿತು. ಹಕ್ಕುಚ್ಯುತಿ, ಅಂದರೆ ಶಾಸಕರ ವಿಶೇಷ ಹಕ್ಕಿಗೆ ಧಕ್ಕೆ ಅಂತ. ದೂರು ಕೊಟ್ಟವರು ಶಾಸಕರು, ತೀರ್ಪು ಕೊಟ್ಟವರೂ ಶಾಸಕರು. ಆ ಸಂಪಾದಕರು ಬರೆದದ್ದು ಸರಿಯೋ ತಪ್ಪೋ ಬೇರೆ. ಮಾನನಷ್ಟ ಮೊಕದ್ದಮೆ ಹಾಕಲು ಕೋರ್ಟ್ ಇರಲಿಲ್ಲವಾ? ಆ ದಿನ ಪಕ್ಷಭೇದ ಇಲ್ಲದೇ ಸದನ ಒಂದಾಗಿತ್ತು. ಕಬ್ಬಿನ ಬಡ್ಡಿಯ ವಿಷಯದಲ್ಲಿ ಹೇಗೆ ಒಂದಾಗಿದ್ದಾರೋ ಹಾಗೆ.

ಘಟಪ್ರಭಾ ದಂಡೆ (ಗೋಕಾಕ)

ಚರ್ಚೆ ನಾನು ಅಂದುಕೊಂಡದ್ದಕ್ಕಿಂತ ಒಳಗೆ ಹೋಯಿತು. ನನಗೆ ಈಗ ಅನಿಸುವುದು ಇಷ್ಟು. ಜಿಲ್ಲಾ ಮಟ್ಟದಲ್ಲಿ ಸುದ್ದಿ ಕೊಳ್ಳುವುದು ಬಹಳ ಅಗ್ಗ. ಪೆರುವಿನಲ್ಲಿ 15 ಲಕ್ಷ ಡಾಲರ್ ಬೇಕಾಗಿತ್ತು, ಇಲ್ಲಿ ಒಂದು ಪುಟದ ಹುಟ್ಟುಹಬ್ಬದ ಬಿಲ್ ತಡೆಹಿಡಿದರೆ ಸಾಕು. ಅಗ್ಗ ಆಗಲು ಕಾರಣ ವರದಿಗಾರನಿಗೆ ಸಂಬಳ ಇಲ್ಲದಿರುವುದು. ಸಂಬಳ ಇಲ್ಲದಿರಲು ನಾವೂ ಕಾರಣ. ಚಹಾದ ಅಂಗಡಿಯಲ್ಲಿ ಪುಕ್ಕಟೆ ಓದುತ್ತೇವೆ, ಪಿಡಿಎಫ್ ಗ್ರೂಪ್‌ನಲ್ಲಿ ಹಂಚುತ್ತೇವೆ.

ಹಂಗೇರಿಯಲ್ಲಿ 2020ರ ಜುಲೈನಲ್ಲಿ ಇಂಡೆಕ್ಸ್ ಅನ್ನುವ ದೊಡ್ಡ ಸುದ್ದಿತಾಣದ ಸಂಪಾದಕರನ್ನು ತೆಗೆದಾಗ 70ಕ್ಕೂ ಹೆಚ್ಚು ಪತ್ರಕರ್ತರು ರಾಜೀನಾಮೆ ಕೊಟ್ಟರು. ಓದುಗರ ದೇಣಿಗೆಯಿಂದ ಟೆಲೆಕ್ಸ್ ಅಂತ ಹೊಸದು ಕಟ್ಟಿದರು. ಅದು ನಿಂತಿತು. ನಮ್ಮಲ್ಲಿ ಒಂದು ತಾಲ್ಲೂಕಿಗೆ ಹಾಗೆ ಆಗುತ್ತದಾ?

ಪೇಪರ್ ಏಜೆಂಟ್ (ಮುಧೋಳ)

ಮೊದಲು ಹಳೇ ಬಾಕಿ ಕೊಡಿಸಿ ಸರ್. ತಿಂಗಳ ಬಿಲ್‌ಗೆ ಮೂರು ಸಲ ಬಾಗಿಲು ಬಡಿಯಬೇಕು, ಡಾಕ್ಟರ್ ಮನೆಯಲ್ಲೂ. ಪೇಪರ್ ಇವತ್ತೂ ಒಂದು ಕಪ್ ಚಹಾಕ್ಕಿಂತ ಅಗ್ಗ. ಚಹಾದವನಿಗೆ ಬಾಕಿ ಇಡುವುದಿಲ್ಲ.

ಅಥಣಿ ಕಬ್ಬು

ದೇಣಿಗೆ ಎತ್ತಿ ಪತ್ರಿಕೆ ಮಾಡಿದರೆ ನಾಳೆ ದೇಣಿಗೆ ಕೊಟ್ಟವನೇ ಸಾಹೇಬ ಆಗುತ್ತಾನೆ. ಸಂಘಗಳನ್ನು ನಡೆಸಿ ಗೊತ್ತಿದೆ. ಸಣ್ಣದಾಗಿ ಏನಾದರೂ ಮಾಡೋಣ. ನಮ್ಮ ಮೂರು ಜಿಲ್ಲೆಯಲ್ಲಿ ಸರ್ಕಾರ ಯಾವ ಪತ್ರಿಕೆಗೆ ಎಷ್ಟು ಜಾಹೀರಾತು ಕೊಟ್ಟಿತು ಅಂತ ಲೆಕ್ಕ ಸಿಗುತ್ತದಾ?

ಪಂಚಾಯ್ತಿ ಕಟ್ಟೆ (ಸಿಂದಗಿ)

ಸಿಗುತ್ತದೆ. ವಾರ್ತಾ ಮತ್ತು ಸಾರ್ವಜನಿಕ ಸಂಪರ್ಕ ಇಲಾಖೆಗೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. ನಮೂನೆ ‘ಎ’, 10 ರೂಪಾಯಿ ಪೋಸ್ಟಲ್ ಆರ್ಡರ್, 30 ದಿನ. ನಮ್ಮ ರಾಜ್ಯದ ನಿಯಮದಲ್ಲಿ ಅರ್ಜಿ 150 ಪದ ಮೀರಬಾರದು, ಒಂದೇ ವಿಷಯ ಇರಬೇಕು. ಎರಡು ವಿಷಯ ಬೆರೆಸಿದರೆ ಅದನ್ನೇ ನೆಪ ಮಾಡಿ ವಾಪಸ್ ಕಳಿಸುತ್ತಾರೆ. ನಾನೇ ಆ ಕಡೆ ಕೂತವನು, ಗೊತ್ತಿದೆ. ಜಿಲ್ಲೆಗೊಂದು ಅರ್ಜಿ ಹಾಕಿ. ಪತ್ರಿಕೆಯ ಹೆಸರು, ದಿನಾಂಕ, ಮೊತ್ತ, ಇಷ್ಟೇ ಕೇಳಿ. ‘ಯಾಕೆ ಕೊಟ್ಟಿರಿ’ ಅಂತ ಕೇಳಬೇಡಿ, ಅದು ಮಾಹಿತಿ ಅಲ್ಲ ಅಂತ ಉತ್ತರ ಬರುತ್ತದೆ.

ನಿಂಬೆ ಸೀಮೆ (ಇಂಡಿ)

ವಿಜಯಪುರದ ಅರ್ಜಿ ನಾನು ಹಾಕುತ್ತೇನೆ. ನಾನು ಹೇಳಿದ್ದೇ ಸರಿ ಅಂತ ತೋರಿಸೋಕಾದರೂ.

ಹಳೇ ವರದಿಗಾರ (ಬಾಗಲಕೋಟೆ)

ಒಂದು ಕಾಲಂ ಜಾಸ್ತಿ ಸೇರಿಸಿ. ‘ಬಿಲ್ ಪಾವತಿಯಾದ ದಿನಾಂಕ’. ಎಷ್ಟು ಕೊಟ್ಟರು ಅನ್ನುವುದಕ್ಕಿಂತ ಯಾರದ್ದನ್ನು ಎಷ್ಟು ತಿಂಗಳು ತಡೆದರು ಅನ್ನುವುದರಲ್ಲೇ ಎಲ್ಲಾ ಇರುತ್ತದೆ. ಬಾಗಲಕೋಟೆಯದ್ದು ನನ್ನ ಹೆಸರಲ್ಲಿ ಬೇಡ, ಇನ್ನೂ ಒಂದು ಪುರವಣಿಯ ದುಡ್ಡು ಬರಬೇಕು.